ಹಳೆಯ ಕಾರಿಗೆ ಹೊಸ ಹುಡ್: ಬಿಡಿ ಕೆಲಸದ ವೆಚ್ಚ ಲೆಕ್ಕ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕು ಕೇಂದ್ರಗಳಲ್ಲಿ ಲಾರಿಗೆ ಟಾರ್ಪಾಲಿನ್ ಹೊಲಿಯುವ, ಟ್ರ್ಯಾಕ್ಟರ್ ಮತ್ತು ಆಟೋರಿಕ್ಷಾಗಳಿಗೆ ಮೇಲ್ಹೊದಿಕೆ ಕಟ್ಟುವ, ಜೀಪಿಗೆ ಹುಡ್ ಹಾಕುವ ಕುಶಲಕರ್ಮಿಗಳ ಸಣ್ಣ ಅಂಗಡಿಗಳು ಇವೆ. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯು ಮಾರ್ಚ್ 2023ರಲ್ಲಿ ಉದ್ಘಾಟನೆಗೊಂಡು, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬೈಪಾಸ್‌ಗಳು ಬದಿಗೆ ಸರಿಸಿದ ನಂತರ, ಹಳೆಯ ರಸ್ತೆಯ ದಾರಿಹೋಕ ಗಿರಾಕಿಯನ್ನೇ ನಂಬಿದ್ದ ಅಂಗಡಿಗಳು ಬೇರೆ ಕೆಲಸಗಳತ್ತ ನೋಡಬೇಕಾಗಿ ಬಂದಿತು. ಅದೇ ವರ್ಷ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ, ಅದೇ ಹೆದ್ದಾರಿಯ ಪಕ್ಕದಲ್ಲಿ, ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಹಳೆಯ ಕಾರುಗಳ ‘ಪಯಣ’ ವಸ್ತುಸಂಗ್ರಹಾಲಯವು ತೆರೆಯಿತು. ಹಳೆಯ ಕಾರನ್ನು ಮನೆಯ ಹಿತ್ತಿಲಿನಿಂದ ಹೊರತೆಗೆದು ಸಿದ್ಧಪಡಿಸುವ ಹವ್ಯಾಸವು ಮೈಸೂರು ಪ್ರಾಂತ್ಯಕ್ಕೆ ಹೊಸದೇನಲ್ಲ. ಅಂತಹ ತೆರೆದ ಕಾರೊಂದು ಹುಡ್ ಇಲ್ಲದೆ ಅಂಗಡಿಯ ಬಾಗಿಲಿಗೆ ಬಂದು ನಿಂತಾಗ ಮಾಲೀಕನು ಹೇಳಬೇಕಾದ ಬೆಲೆ ಎಷ್ಟು ಎಂಬುದೇ ಈ ಲೇಖನದ ವಿಷಯ.

ಬಹುತೇಕ ಅಂಗಡಿಗಳಲ್ಲಿ ಬಳಕೆಯಲ್ಲಿರುವ ಸೂತ್ರ ಒಂದೇ: ಸಾಮಾನಿನ ಬೆಲೆ ಎಷ್ಟೋ ಮಜೂರಿಯೂ ಅಷ್ಟೇ. ಜೀಪಿನ ಹುಡ್ಡಿಗೆ ಈ ಸೂತ್ರವು ಲಾಭ ತರುತ್ತದೆ, ಹಳೆಯ ಕಾರಿನ ಹುಡ್ಡಿಗೆ ಅದೇ ಸೂತ್ರವು ನಷ್ಟ ತರುತ್ತದೆ. ಏಕೆಂಬುದನ್ನು ತಿಳಿಯಬೇಕಾದರೆ ಮೊದಲು ಕೆಲಸದ ಸ್ವರೂಪವನ್ನು ನೋಡಬೇಕು.

ಕೆಲಸದ ಸ್ವರೂಪ

ತೆರೆದ ಕಾರಿನ ಹುಡ್ ಎಂದರೆ ಕಮಾನು ಗಾಡಿಯ ಹೊದಿಕೆಯ ಸೋದರ ಸಂಬಂಧಿ. ವ್ಯತ್ಯಾಸವಿಷ್ಟೇ, ಗಾಡಿಯ ಕಮಾನು ನಿಂತಲ್ಲಿಯೇ ನಿಲ್ಲುತ್ತದೆ, ಕಾರಿನ ಕಮಾನುಗಳು ಹಿಂದಕ್ಕೆ ಮಡಿಚಿಕೊಳ್ಳಬೇಕು. ಗಾಜಿನ ಚೌಕಟ್ಟಿನ ಮೇಲೆ ಕೂರುವ ಮುಂದಿನ ಅಡ್ಡಪಟ್ಟಿ, ಅದರ ಹಿಂದೆ ಎರಡೋ ಮೂರೋ ಮರದ ಅಥವಾ ಉಕ್ಕಿನ ಕಮಾನುಗಳು, ಅವನ್ನು ಪಕ್ಕದಲ್ಲಿ ಹಿಡಿದಿರುವ ಕೀಲುಗಳು, ಕಮಾನುಗಳ ನಡುವಣ ಅಂತರವನ್ನು ಕಾಯುವ ದಪ್ಪ ಪಟ್ಟಿಗಳು, ಕಮಾನಿನ ಏಣು ಬಟ್ಟೆಯ ಮೇಲೆ ಮೂಡದಂತೆ ತಡೆಯುವ ಮೆತ್ತೆ, ಎಲ್ಲಕ್ಕೂ ಮೇಲೆ ಬಟ್ಟೆ.

‘ಹಾಟ್ ರಾಡ್’ ಎಂಬ ಹೆಸರೂ ಈಗ ಇಲ್ಲಿನ ಯುವಕರ ಬಾಯಲ್ಲಿ ಕೇಳಿಬರುತ್ತದೆ. 1930ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಒಣ ಕೆರೆಯಂಗಳಗಳಲ್ಲಿ ವೇಗದ ಪಂದ್ಯ ನಡೆಸುತ್ತಿದ್ದವರು ಹಳೆಯ ಫೋರ್ಡ್ ಕಾರುಗಳನ್ನು ಹಗುರಗೊಳಿಸಿ, ಬಲವಾದ ಎಂಜಿನ್ ಕೂರಿಸಿ, ಗಾಜಿನ ಚೌಕಟ್ಟನ್ನು ಕತ್ತರಿಸಿ ತಗ್ಗಿಸುತ್ತಿದ್ದರು. 1932ರಲ್ಲಿ ಫೋರ್ಡ್ ಕಂಪನಿಯು ವಿ-8 ಎಂಜಿನ್ನನ್ನು ಕಡಿಮೆ ಬೆಲೆಯ ಕಾರಿಗೆ ತಂದ ಮೇಲೆ ಈ ಹವ್ಯಾಸ ಬಲಿಯಿತು. ಚೌಕಟ್ಟು ತಗ್ಗಿದ ಕಾರಿಗೆ ಕಾರ್ಖಾನೆಯ ಹುಡ್ ಕೂರುವುದಿಲ್ಲ. ಆದುದರಿಂದ ಪ್ರತಿಯೊಂದು ಹಾಟ್ ರಾಡ್‌ನ ಹುಡ್ಡನ್ನೂ ಆ ಕಾರಿನ ಮೇಲೆಯೇ ಅಳೆದು, ಅದಕ್ಕೆಂದೇ ಹೊಲಿಯಬೇಕಾಗುತ್ತದೆ. ನಮ್ಮಲ್ಲಿ ಚೌಕಟ್ಟನ್ನು ಯಾರೂ ತಗ್ಗಿಸದಿದ್ದರೂ ಪರಿಸ್ಥಿತಿ ಹೆಚ್ಚುಕಡಿಮೆ ಅದೇ ಆಗಿದೆ. ಎಂಬತ್ತು ತೊಂಬತ್ತು ವರ್ಷಗಳ ಕಾರಿನ ಮೂಲ ಕಮಾನು ಗೆದ್ದಲಿಗೆ ಹೋಗಿರುತ್ತದೆ, ಕೀಲು ಬಾಗಿರುತ್ತದೆ, ಬಾಗಿಲು ಜೋತಿರುತ್ತದೆ. ಒಂದೇ ಮಾದರಿಯ ಎರಡು ಕಾರುಗಳ ಅಳತೆಯೂ ಒಂದಕ್ಕೊಂದು ಹೊಂದುವುದಿಲ್ಲ.

ಜೀಪಿನ ಕಥೆ ಬೇರೆ. ಮಹೀಂದ್ರ ಸಂಸ್ಥೆಯು 1947ರಿಂದ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದ ಮೇಲೆ ಅದರ ಸಂತತಿಯು ಹಳ್ಳಿಹಳ್ಳಿಗೂ ಬಂದಿತು. ಅದರ ಹುಡ್ಡಿನ ನಮೂನೆಯು ಅಂಗಡಿಯ ಗೋಡೆಗೆ ತೂಗುಹಾಕಿರುತ್ತದೆ. ಬಟ್ಟೆ ಹಾಸಿ, ಗುರುತು ಹಾಕಿ, ಕತ್ತರಿಸಿದರೆ ಅರ್ಧ ಕೆಲಸ ಮುಗಿದಂತೆಯೇ.

ನಮೂನೆ, ಬಟ್ಟೆ, ಹೊಲಿಗೆ

ಹಳೆಯ ಕಾರಿನಲ್ಲಿ ಮೊದಲ ಕೆಲಸ ಬಿಚ್ಚುವುದಲ್ಲ, ದಾಖಲಿಸುವುದು. ಉಳಿದಿರುವ ಹರಕು ಹುಡ್ಡಿನ ಪ್ರತಿಯೊಂದು ಹೊಲಿಗೆ, ಮೊಳೆ, ಗುಂಡಿಗಳ ಸ್ಥಾನವನ್ನು ಛಾಯಾಚಿತ್ರ ತೆಗೆದು, ಅಳತೆ ಬರೆದಿಡಬೇಕು. ಮಾಲೀಕನಿಗೆ ಚಿಂದಿಯಾಗಿ ಕಾಣುವ ಆ ಬಟ್ಟೆಯೇ ನಮೂನೆಯ ಏಕೈಕ ಆಧಾರವಾಗಿರುವುದುಂಟು. ನಂತರ ಚೌಕಟ್ಟು. ಕಮಾನುಗಳನ್ನು ಎತ್ತಿ ನಿಲ್ಲಿಸಿ, ಎಡಬಲದ ಎತ್ತರ ಸಮವಾಗಿದೆಯೇ, ಬಾಗಿಲುಗಳು ಸಲೀಸಾಗಿ ತೆರೆಯುತ್ತವೆಯೇ, ಕುಳಿತವರ ತಲೆಗೆ ತಾಗುತ್ತದೆಯೇ, ಮಡಿಚಿದಾಗ ಹಿಂದಿನ ಗೂಡಿನಲ್ಲಿ ಕೂರುತ್ತದೆಯೇ ಎಂದು ನೋಡಿ, ಪಟ್ಟಿಗಳಿಂದ ಬಿಗಿದು ನಿಲ್ಲಿಸಬೇಕು. ಸೊಟ್ಟ ಚೌಕಟ್ಟಿನ ಮೇಲೆ ಎಷ್ಟು ಒಳ್ಳೆಯ ಹೊಲಿಗೆಯೂ ಸುಕ್ಕಾಗಿಯೇ ಕಾಣುತ್ತದೆ. ಕಮಾನನ್ನು ಹೊಸದಾಗಿ ಮಾಡಬೇಕಾದಲ್ಲಿ, ಎಳೆ ನೇರವಾಗಿರುವ ಮರವನ್ನು ಹಬೆಯಲ್ಲಿ ಬಾಗಿಸುವುದು ಒಂದು ಕ್ರಮ, ತೆಳು ಪಟ್ಟಿಗಳನ್ನು ಅಚ್ಚಿನ ಮೇಲೆ ಒಂದರ ಮೇಲೊಂದು ಅಂಟಿಸುವುದು ಇನ್ನೊಂದು ಕ್ರಮ. ಎರಡನೆಯದು ಸಣ್ಣ ಅಂಗಡಿಗೆ ಸುಲಭ. ಹಿತ್ತಾಳೆಯ ಬಿಡಿ ಕೊಂಡಿಗಳು ಕಳೆದುಹೋಗಿದ್ದರೆ ಎರಕ ಹೊಯ್ಯಿಸಬೇಕಾಗುತ್ತದೆ. ಹಿತ್ತಾಳೆ, ಕಂಚಿನ ಎರಕಕ್ಕೆ ಹೆಸರಾದ ನಾಗಮಂಗಲವು ಕೂಗಳತೆಯಲ್ಲಿರುವಾಗ ಅದಕ್ಕಾಗಿ ಮುಂಬಯಿಗೆ ಬರೆಯುವ ಅಗತ್ಯವಿಲ್ಲ.

ಇದಾದ ಮೇಲೆ ಅಗ್ಗದ ಕೋರಾ ಬಟ್ಟೆಯಿಂದ ಚೌಕಟ್ಟಿನ ಮೇಲೆ ಒಂದು ಸುಳ್ಳು ಹುಡ್ಡನ್ನು ಎಳೆದು, ಗುಂಡುಸೂಜಿಯಿಂದ ಬಿಗಿದು, ಸೀಮೆಸುಣ್ಣದಲ್ಲಿ ಅಂಚು ಗುರುತಿಸಲಾಗುತ್ತದೆ. ಇಡೀ ಕೆಲಸದಲ್ಲಿ ಯಜಮಾನನ ಕಣ್ಣಿಗೆ ಅತಿ ಹೆಚ್ಚು ಬೆಲೆ ಇರುವುದು ಈ ಹಂತದಲ್ಲಿ. ಬಿಲ್ಲಿನಲ್ಲಿ ಅತಿ ಕಡಿಮೆ ಕಾಣಿಸಿಕೊಳ್ಳುವುದೂ ಇದೇ.

ಬಟ್ಟೆಯ ಆಯ್ಕೆಯಲ್ಲಿ ಬೆಲೆಯೊಂದನ್ನೇ ನೋಡಲಾಗದು. ಹತ್ತಿಯ ಕ್ಯಾನ್ವಾಸ್ ನೆನೆದಾಗ ಎಳೆಗಳು ಉಬ್ಬಿ ಬಿಗಿಯಾಗುತ್ತದೆ, ಆದುದರಿಂದ ಅದನ್ನು ತೀರಾ ಬಿಗಿದು ಕೂರಿಸಿದರೆ ಮಳೆಗಾಲದಲ್ಲಿ ಮೊಳೆಗಳ ಮೇಲೆ ಎಳೆತ ಬೀಳುತ್ತದೆ. ರೆಕ್ಸಿನ್ ಮುಂತಾದ ಲೇಪಿತ ಬಟ್ಟೆ ಬಿಸಿಲಿಗೆ ಸಡಿಲವಾಗುತ್ತದೆ. ಅದನ್ನು ಬಿಸಿಲಿನಲ್ಲಿ ಹರಡಿ, ಬೆಚ್ಚಗಾದ ಮೇಲೆಯೇ ಎಳೆದು ಕೂರಿಸಬೇಕು, ಮುಂಜಾನೆಯ ಚಳಿಯಲ್ಲಿ ಕೂರಿಸಿದ್ದು ಮಧ್ಯಾಹ್ನಕ್ಕೆ ಜೋತುಬೀಳುತ್ತದೆ. ನೂಲಿನ ಹಂತದಲ್ಲಿಯೇ ಬಣ್ಣ ಕಟ್ಟಿದ ಅಕ್ರಿಲಿಕ್ ಕ್ಯಾನ್ವಾಸ್ ದುಬಾರಿಯಾದರೂ ಬಿಸಿಲಿಗೆ ಬಣ್ಣ ಬಿಡುವುದು ಕಡಿಮೆ. ಮೇಲುಕೋಟೆ, ಕೊಡಿಯಾಲಗಳ ಕೈಮಗ್ಗದ ಬಟ್ಟೆಯನ್ನು ಹುಡ್ಡಿಗೆ ಬಳಸಬಹುದೇ ಎಂದು ಅಭಿಮಾನದಿಂದ ಕೇಳುವವರಿದ್ದಾರೆ. ಒಳಮೈ ಅಸ್ತರಿಗೆ ಆಗಬಹುದು, ಮಳೆ ತಡೆಯುವ ಹೊರಮೈಗೆ ಆಗದು. ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿನಲ್ಲಿ ಕತ್ತರಿಸಬೇಕೆಂಬುದನ್ನು ಮರೆಯಬಾರದು. ಅಡಿಮೇಲಾದ ತುಂಡು ಅದೇ ಥಾನಿನದಾದರೂ ಬೆಳಕಿನಲ್ಲಿ ಬೇರೆ ಬಣ್ಣವಾಗಿ ಕಾಣುತ್ತದೆ, ಬಟ್ಟೆ ಉಳಿಸಲು ಹೋಗಿ ಇಡೀ ಹುಡ್ ಕೆಟ್ಟ ಪ್ರಸಂಗಗಳಿಗೆ ಇದೇ ಕಾರಣ.

ಹೊಲಿಗೆಗೆ ಪಾಲಿಯೆಸ್ಟರ್ ದಾರ ಬಾಳಿಕೆ ಬರುತ್ತದೆ, ಆದರೆ ಹತ್ತಿಯ ದಾರದಂತೆ ನೀರಿಗೆ ಉಬ್ಬಿ ಸೂಜಿಯ ತೂತನ್ನು ಮುಚ್ಚುವುದಿಲ್ಲ. ಆದುದರಿಂದ ಹೊಲಿಗೆಯ ಒಳಮೈಗೆ ಮೇಣ ಅಥವಾ ಅಂಟನ್ನು ಸವರಬೇಕು, ಮಡಿಕೆಯು ನೀರಿಳಿಯುವ ಕಡೆಗೆ ಮಲಗುವಂತೆ ನೋಡಿಕೊಳ್ಳಬೇಕು. ಕೂರಿಸುವಾಗ ನಡುವಿನಿಂದ ಹೊರಕ್ಕೆ, ಮೊದಲು ತಾತ್ಕಾಲಿಕ ಮೊಳೆಗಳಿಂದ ಬಿಗಿದು, ನಾಲ್ಕಾರು ದಿನ ಎತ್ತಿ ನಿಲ್ಲಿಸಿ, ಬಟ್ಟೆ ಹೊಂದಿಕೊಂಡ ಮೇಲೆ ಮತ್ತೊಮ್ಮೆ ಎಳೆದು ಕಾಯಂ ಮಾಡುವುದು ಸರಿಯಾದ ಕ್ರಮ. ಈ ಎರಡನೆಯ ಎಳೆತದ ಗಂಟೆಗಳನ್ನು ಯಾವ ಅಂಗಡಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಗಂಟೆಯ ದರವನ್ನು ಕಂಡುಕೊಳ್ಳುವ ಬಗೆ

ಇನ್ನು ಲೆಕ್ಕಕ್ಕೆ ಬರಬಹುದು. ಕೆಳಗಿನ ಅಂಕಿಗಳೆಲ್ಲ ಉದಾಹರಣೆಗಾಗಿ ಇಟ್ಟುಕೊಂಡವು, ಪ್ರತಿ ಅಂಗಡಿಯೂ ತನ್ನ ಅಂಕಿಗಳನ್ನು ತುಂಬಿಕೊಳ್ಳತಕ್ಕದ್ದು.

ಮುಖ್ಯ ಕುಶಲಕರ್ಮಿಗೆ ತಿಂಗಳಿಗೆ ರೂ. 28,000 ಸಂಬಳ. 26 ದಿನ, ದಿನಕ್ಕೆ 8 ಗಂಟೆಯಂತೆ 208 ಗಂಟೆ. ಭಾಗಿಸಿದರೆ ಗಂಟೆಗೆ ಸುಮಾರು ರೂ. 135. ಈ ಹಂತದಲ್ಲಿಯೇ ಮೊದಲ ತಪ್ಪು ನಡೆಯುತ್ತದೆ. ಸಾಮಾನು ತರಲು ಮೈಸೂರಿಗೋ ಬೆಂಗಳೂರಿನ ಜೆ.ಸಿ. ರಸ್ತೆಗೋ ಹೋದದ್ದು, ಕರೆಂಟು ಹೋದದ್ದು, ಗಿರಾಕಿಯೊಡನೆ ಮಾತು, ಹಬ್ಬದ ರಜೆ ಎಲ್ಲವನ್ನೂ ಕಳೆದರೆ ಯಂತ್ರದ ಮುಂದೆ ಉಳಿಯುವುದು 160 ಗಂಟೆ. ಆದುದರಿಂದ ನಿಜವಾದ ದರ ರೂ. 175. ಸಹಾಯಕನಿಗೆ ರೂ. 16,000 ಸಂಬಳವಾದರೆ ಇದೇ ಕ್ರಮದಲ್ಲಿ ಗಂಟೆಗೆ ರೂ. 100. ಬಾಡಿಗೆ, ವಿದ್ಯುತ್, ಯಂತ್ರಗಳ ಸವಕಳಿ, ವಿಮೆ, ದೂರವಾಣಿ ಇತ್ಯಾದಿ ಮೇಲ್ವೆಚ್ಚ ತಿಂಗಳಿಗೆ ರೂ. 24,000 ಎಂದಾದರೆ, ಮುಖ್ಯ ಕುಶಲಕರ್ಮಿಯ 160 ಗಂಟೆಗಳ ಮೇಲೆ ಹಂಚಿದಾಗ ಗಂಟೆಗೆ ರೂ. 150.

ಮಾಲೀಕನೇ ಕುಶಲಕರ್ಮಿಯಾಗಿದ್ದಲ್ಲಿ ತನ್ನ ಸಂಬಳವನ್ನು ಬರೆದುಕೊಳ್ಳದಿರುವುದು ಎರಡನೆಯ ತಪ್ಪು. ಅಂತಹ ಅಂಗಡಿ ವರ್ಷಾಂತ್ಯದಲ್ಲಿ ಲಾಭವೆಂದು ತೋರಿಸುವುದು ಬಹುಮಟ್ಟಿಗೆ ಯಜಮಾನನ ಕೂಲಿಯೇ ಆಗಿರುತ್ತದೆ.

ಈಗ ನಾಲ್ಕು ಆಸನಗಳ, ಮೂರು ಕಮಾನಿನ ತೆರೆದ ಕಾರೊಂದರ ಕೆಲಸಪಟ್ಟಿ:

ಹುಡ್ ಬಟ್ಟೆ 9 ಮೀಟರ್, ರೂ. 1,500ರಂತೆ: ರೂ. 13,500
ನಮೂನೆಗೆ ಕೋರಾ ಬಟ್ಟೆ 6 ಮೀಟರ್, ರೂ. 75ರಂತೆ: ರೂ. 450
ಕಮಾನು ಮೂರು, ಹೊರಗೆ ಮಾಡಿಸಿದ್ದು: ರೂ. 6,000
ಮೆತ್ತೆ, ಪಟ್ಟಿ: ರೂ. 2,200
ಗುಂಡಿ, ಕೊಂಡಿ, ಎರಕದ ಬಿಡಿಭಾಗ: ರೂ. 3,350
ದಾರ, ಮೊಳೆ, ಅಂಟು: ರೂ. 1,000
ಸಾಮಾನಿನ ಒಟ್ಟು: ರೂ. 26,500

ಮುಖ್ಯ ಕುಶಲಕರ್ಮಿಯ ಗಂಟೆಗಳು: ದಾಖಲಿಸಿ ಬಿಚ್ಚಲು 6, ಚೌಕಟ್ಟಿಗೆ 14, ನಮೂನೆಗೆ 16, ಕತ್ತರಿಸಿ ಹೊಲಿಯಲು 22, ಕೂರಿಸಲು 18, ಮರು ಎಳೆತಕ್ಕೆ 6, ಒಟ್ಟು 82. ರೂ. 175ರಂತೆ ರೂ. 14,350. ಸಹಾಯಕನ 50 ಗಂಟೆಗೆ ರೂ. 5,000. ಮೇಲ್ವೆಚ್ಚ 82 ಗಂಟೆಗೆ ರೂ. 12,300. ಒಟ್ಟು ವೆಚ್ಚ ರೂ. 58,150.

ಹಳೆಯ ಸೂತ್ರದಂತೆ ಹೇಳಿದ ಬೆಲೆ ಸಾಮಾನಿನ ಎರಡರಷ್ಟು, ಅಂದರೆ ರೂ. 53,000. ಕೆಲಸ ಚೆನ್ನಾಗಿ ಆಗಿ, ಗಿರಾಕಿ ಸಂತೋಷದಿಂದ ಹೋಗಿ, ಅಂಗಡಿಗೆ ರೂ. 5,150 ನಷ್ಟ. ಜೀಪಿನ ಹುಡ್ಡಿನಲ್ಲಾದರೆ ಸಾಮಾನು ರೂ. 6,000, ಮುಖ್ಯ ಕುಶಲಕರ್ಮಿಯ 8 ಗಂಟೆಗೆ ಮೇಲ್ವೆಚ್ಚ ಸೇರಿ ರೂ. 2,600, ಸಹಾಯಕನ 6 ಗಂಟೆಗೆ ರೂ. 600, ಒಟ್ಟು ರೂ. 9,200. ಅದೇ ಸೂತ್ರದ ಬೆಲೆ ರೂ. 12,000, ಲಾಭ ರೂ. 2,800. ಎರಡು ಹಳೆಯ ಕಾರುಗಳ ಹೆಮ್ಮೆಯ ಕೆಲಸವು ನಾಲ್ಕು ಜೀಪುಗಳ ಲಾಭವನ್ನು ತಿಂದುಹಾಕುವುದು ಹೀಗೆ. ನಗದು ಪೆಟ್ಟಿಗೆ ಮಾತ್ರ ಇದನ್ನು ತೋರಿಸುವುದಿಲ್ಲ.

ರೂ. 58,150ರ ಮೇಲೆ ಮರುಕೆಲಸದ ಸಂಭವಕ್ಕಾಗಿ ಸುಮಾರು ಶೇ. 5, ಅಂದರೆ ರೂ. 2,900 ಸೇರಿಸಿದರೆ ರೂ. 61,050. ಅದರ ಮೇಲೆ ಸುಮಾರು ಶೇ. 15 ಲಾಭಾಂಶ ರೂ. 9,150. ಹೇಳಬೇಕಾದ ಬೆಲೆ ರೂ. 70,200. ನಮೂನೆಯನ್ನು ಕಾಪಾಡಿಟ್ಟರೆ ಅದೇ ಮಾದರಿಯ ಮುಂದಿನ ಕಾರಿಗೆ ನಮೂನೆಯ 16 ಗಂಟೆ 4 ಗಂಟೆಗೆ ಇಳಿಯಬಹುದು, ಮೇಲ್ವೆಚ್ಚ ಸೇರಿ ರೂ. 3,900 ಉಳಿತಾಯ. ಈ ಉಳಿತಾಯ ಅಂಗಡಿಗೆ ಸೇರತಕ್ಕದ್ದು, ನಮೂನೆಯು ಅಂಗಡಿಯ ಸ್ವತ್ತೆಂದು ಆದೇಶಪತ್ರದಲ್ಲಿ ಒಂದು ಸಾಲು ಬರೆಯುವುದು ಲೇಸು.

ಗಿರಾಕಿಯೇ ವಿದೇಶದಿಂದ ಬಟ್ಟೆ ತರಿಸಿಕೊಡುವ ಪ್ರಸಂಗದಲ್ಲಿ ಬೆಲೆಯಿಂದ ರೂ. 13,500ನ್ನು ಕಳೆದು ಸುಮ್ಮನಾಗುವಂತಿಲ್ಲ. ಬಟ್ಟೆಯ ಮೇಲಿನ ಲಾಭ ಹೋಯಿತು, ಆದರೆ ಕತ್ತರಿ ತಪ್ಪಿದರೆ ತೆರಬೇಕಾದ ಹೊಣೆ ಉಳಿಯಿತು. ಅಂತಹ ಕೆಲಸದಲ್ಲಿ ಮರುಕೆಲಸದ ಮೀಸಲನ್ನು ಏರಿಸಬೇಕೇ ಹೊರತು ಇಳಿಸಬಾರದು.

ತೆರಿಗೆಯ ವಿಚಾರ

ಬೇರೊಬ್ಬರ ಸರಕಿನ ಮೇಲೆ ನಡೆಸುವ ಸಂಸ್ಕರಣೆಯು ಜಿಎಸ್‌ಟಿ ಕಾಯ್ದೆಯ ಎರಡನೆಯ ಅನುಸೂಚಿಯಂತೆ ಸೇವೆಯ ಪೂರೈಕೆ. ಕಾರು ಗಿರಾಕಿಯದು, ಅದರ ಮೇಲೆಯೇ ಅಳೆದು ಕೂರಿಸಿದ ಹುಡ್ ಸೇವೆಯ ಅಂಗ. ಸಿದ್ಧ ಹುಡ್ಡನ್ನು ಕೌಂಟರಿನಲ್ಲಿ ಮಾರಿದರೆ ಅದು ಸರಕು. ಹಿಂದೆ ವಾಹನ ಬಿಡಿಭಾಗಗಳಿಗೆ ಶೇ. 28, ದುರಸ್ತಿ ಸೇವೆಗೆ ಶೇ. 18 ತೆರಿಗೆ ಇದ್ದು, ಈ ವಿಂಗಡಣೆಯ ಬಗ್ಗೆ ತಕರಾರುಗಳು ಏಳುತ್ತಿದ್ದವು. 22-9-2025ರಿಂದ ಬಿಡಿಭಾಗಗಳ ದರವೂ ಶೇ. 18ಕ್ಕೆ ಇಳಿದುದರಿಂದ ವಿಂಗಡಣೆ ಇನ್ನು ಅನಗತ್ಯವೆಂದು ಹಲವರು ಭಾವಿಸಿದ್ದಾರೆ. ಅದು ಸರಿಯಲ್ಲ. ಸರಕನ್ನು ಮಾತ್ರ ಮಾರುವವರಿಗೆ ನೋಂದಣಿಯ ಮಿತಿ ವಾರ್ಷಿಕ ರೂ. 40 ಲಕ್ಷ, ಸೇವೆ ನೀಡುವವರಿಗೆ ರೂ. 20 ಲಕ್ಷ. ಸರಕಿನ ಮುಂಗಡಕ್ಕೆ ನವೆಂಬರ್ 2017ರಿಂದ ತೆರಿಗೆ ಇಲ್ಲ, ಸೇವೆಯ ಮುಂಗಡಕ್ಕೆ ಹಣ ಕೈಸೇರಿದ ಅವಧಿಯಲ್ಲಿಯೇ ತೆರಿಗೆ ಕಟ್ಟಬೇಕು. ನೋಂದಾಯಿತ ಅಂಗಡಿಯು ಬಟ್ಟೆಗಾಗಿ ರೂ. 25,000 ಮುಂಗಡ ಪಡೆದು ಅಷ್ಟನ್ನೂ ಬಟ್ಟೆ ವ್ಯಾಪಾರಿಗೆ ಕೊಟ್ಟುಬಿಟ್ಟರೆ, ತೆರಿಗೆಯ ಪಾಲನ್ನು ಕೈಯಿಂದ ಹಾಕಬೇಕಾಗುತ್ತದೆ. ನಮ್ಮ ಉದಾಹರಣೆಯಲ್ಲಿ ರೂ. 70,200ರ ಮೇಲೆ ತೆರಿಗೆ ರೂ. 12,636, ಬಿಲ್ಲಿನ ಮೊತ್ತ ರೂ. 82,836. ಗಿರಾಕಿಯು ಹವ್ಯಾಸಿಯಾದ ಕಾರಣ ಹೂಡುವಳಿ ತೆರಿಗೆ ಜಮೆ ಆತನಿಗೆ ಸಿಗದು, ಆದುದರಿಂದ ಬೆಲೆ ಹೇಳುವಾಗಲೇ ತೆರಿಗೆ ಸೇರಿದೆಯೇ ಪ್ರತ್ಯೇಕವೇ ಎಂದು ಬರೆದುಕೊಡಬೇಕು. ಬಾಯಿಮಾತಿನ ಬೆಲೆಯಲ್ಲಿ ತೆರಿಗೆ ಸೇರಿಹೋಗುವುದು ಯಾವಾಗಲೂ ಅಂಗಡಿಯವನ ಪಾಲಿನಿಂದಲೇ.

ಕಾರಿನ ದಾಖಲೆ

ಹುಡ್ ಕೆಲಸವು ಕಾರಿನ ಕಾನೂನು ಸ್ಥಾನಮಾನವನ್ನೂ ತಟ್ಟಬಹುದು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಜುಲೈ 2021ರಲ್ಲಿ ಸೇರಿಸಲಾದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ರೂಪದಲ್ಲಿಯೇ ಉಳಿದಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಖಾಸಗಿ ವಾಹನವು ವಿಂಟೇಜ್ ನೋಂದಣಿಗೆ ಅರ್ಹ. ಹೊಸ ನೋಂದಣಿಗೆ ಶುಲ್ಕ ರೂ. 20,000, ಮರು ನೋಂದಣಿಗೆ ರೂ. 5,000, ಅವಧಿ 10 ವರ್ಷ. ಹೊಸದಾಗಿ ನೋಂದಾಯಿಸಿದವಕ್ಕೆ ‘ವಿಎ’ ಅಕ್ಷರಗಳಿರುವ ಸಂಖ್ಯೆ ದೊರೆಯುತ್ತದೆ, ಹಿಂದೆಯೇ ನೋಂದಣಿಯಾದವು ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಚಾಸಿಸ್, ಬಾಡಿ ಅಥವಾ ಎಂಜಿನ್ನಿನಲ್ಲಿ ಮಾರ್ಪಾಡು ಮಾಡಿದ್ದರೆ ಅರ್ಹತೆ ಹೋಗುತ್ತದೆ. ಸಾಮಾನ್ಯ ನೋಂದಣಿಯ ವಾಹನಗಳಿಗೂ, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು ಜನವರಿ 2019ರಲ್ಲಿ 52ನೇ ಪ್ರಕರಣವನ್ನು ವಿವರಿಸುತ್ತಾ ಹೇಳಿದೆ.

ಹರಿದ ಹುಡ್ಡಿನ ಸ್ಥಾನದಲ್ಲಿ ಅದೇ ರೂಪದ ಹುಡ್ ಕೂರಿಸುವುದು ಮೂಲ ರೂಪಕ್ಕೆ ಮರಳಿಸುವ ಕೆಲಸ. ಚಿತ್ರ ತೋರಿಸಿ, ಹಾಟ್ ರಾಡ್‌ನಂತೆ ಗಾಜಿನ ಕಂಬವನ್ನು ತಗ್ಗಿಸಿ ಹುಡ್ ಮಾಡಿಕೊಡಿರೆಂದು ಕೇಳುವ ಗಿರಾಕಿಯ ಕೆಲಸ ಹಾಗಲ್ಲ. ಅದು ಬಾಡಿಗೆ ಕೈಹಾಕುತ್ತದೆ. ಅಂತಹ ಕತ್ತರಿ ಒಮ್ಮೆ ಬಿದ್ದ ಮೇಲೆ ಕಾರಿನ ಮೌಲ್ಯವೂ ನೋಂದಣಿಯೂ ಒಟ್ಟಿಗೆ ಇಳಿಯುತ್ತವೆ. ಒಪ್ಪಿಕೊಳ್ಳದಿರುವುದೇ ಕ್ಷೇಮ. ಕೊಂಡಿ ಕೂರಿಸಲು ಬೆಸುಗೆ ಹಾಕುವ ಮುನ್ನವೂ ಯೋಚಿಸಬೇಕು. ಫೋರ್ಡ್ ಮಾಡೆಲ್ ಎ ಕಾರಿನ ಪೆಟ್ರೋಲ್ ಟ್ಯಾಂಕ್ ಇರುವುದು ಮುಂದಿನ ಗಾಜಿನ ಬುಡದಲ್ಲಿಯೇ.

ಕಾರು ಅಂಗಡಿಯಲ್ಲಿರುವಷ್ಟು ದಿನ

82 ಗಂಟೆಗಳ ಕೆಲಸವಾದರೂ ಬಟ್ಟೆ ಬರುವವರೆಗೆ, ಎರಕ ಆಗುವವರೆಗೆ ಕಾರು ಆರು ವಾರ ನಿಲ್ಲಬಹುದು. ಅಷ್ಟು ದಿನ ಅಂಗಡಿಯು ಭಾರತೀಯ ಕರಾರು ಕಾಯ್ದೆ, 1872ರ ಅರ್ಥದಲ್ಲಿ ನ್ಯಾಸಧಾರಿ. ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವತ್ತನ್ನು ಹೇಗೆ ಕಾಯುವನೋ ಹಾಗೆ ಕಾಯಬೇಕೆಂದು 151ನೇ ಪ್ರಕರಣ ಹೇಳುತ್ತದೆ. ಆದುದರಿಂದ ಕಾರು ಒಳಬಂದ ದಿನವೇ ಗೀರು, ತಗ್ಗು, ಇಲ್ಲದ ಬಿಡಿಭಾಗಗಳ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಬೇಕು. ಅಂಗಡಿಯ ಬೆಂಕಿ ವಿಮೆಯು ಗಿರಾಕಿಯ ವಾಹನವನ್ನೂ ಒಳಗೊಂಡಿದೆಯೇ ಎಂದು ಪಾಲಿಸಿಯಲ್ಲಿ ಓದಿ ನೋಡಬೇಕು. ಕೇವಲ ಅಂಗಡಿಯ ದಾಸ್ತಾನಿಗೆ ಮಾಡಿಸಿದ ವಿಮೆ ಗಿರಾಕಿಯ ಕಾರಿಗೆ ಒದಗುವುದೆಂದು ಊಹಿಸಿಕೊಳ್ಳಬಾರದು. ಗಿರಾಕಿಯ ಕಾರು, ಗಿರಾಕಿಯ ಬಟ್ಟೆ ಮಾರ್ಚ್ 31ರಂದು ಅಂಗಡಿಯಲ್ಲಿದ್ದರೂ ಅಂಗಡಿಯ ದಾಸ್ತಾನಿನಲ್ಲಿ ಸೇರುವುದಿಲ್ಲ. ಅರ್ಧ ಆದ ಕೆಲಸಕ್ಕೆ ತಗುಲಿದ ವೆಚ್ಚ ಮಾತ್ರ ಸೇರುತ್ತದೆ.

ಕೆಲಸ ಮುಗಿದ ಮೇಲೆ ಬಾಕಿ ಹಣ ಬರುವವರೆಗೆ ಕಾರನ್ನು ತಡೆಹಿಡಿಯುವ ಹಕ್ಕನ್ನು 170ನೇ ಪ್ರಕರಣವು ಕುಶಲಕರ್ಮಿಗೆ ಕೊಟ್ಟಿದೆ. ಸ್ವಾರಸ್ಯವೆಂದರೆ ಆ ಪ್ರಕರಣದ ದೃಷ್ಟಾಂತವೊಂದು ದರ್ಜಿಯದೇ: ಅಂಗಿ ಹೊಲಿದುಕೊಟ್ಟ ದರ್ಜಿಯು ಮೂರು ತಿಂಗಳ ಸಾಲಕ್ಕೆ ಒಪ್ಪಿದ್ದರೆ ಅಂಗಿಯನ್ನು ತಡೆಹಿಡಿಯುವಂತಿಲ್ಲ. ‘ನಿಧಾನವಾಗಿ ಕೊಡಿ, ಏನಂತೆ’ ಎಂಬ ಸೌಜನ್ಯದ ಮಾತು ಆದೇಶಪತ್ರದ ಮೇಲೆ ಬರಹಕ್ಕಿಳಿದರೆ ಈ ಹಕ್ಕು ಹೋಗುತ್ತದೆ. ಆದೇಶದೊಂದಿಗೆ ಸಾಮಾನಿನ ಪೂರ್ಣ ಮೊತ್ತ ಹಾಗೂ ಅದರ ತೆರಿಗೆ, ಕೋರಾ ಬಟ್ಟೆಯ ನಮೂನೆಯನ್ನು ಗಿರಾಕಿ ನೋಡಿ ಒಪ್ಪಿದ ದಿನ ಉಳಿದುದರ ಅರ್ಧ, ಕಾರು ಹೊರಡುವ ದಿನ ಬಾಕಿ, ಹೀಗೆ ಮೂರು ಕಂತುಗಳನ್ನು ಬರೆದಿಡುವುದು ಇಬ್ಬರಿಗೂ ಅನುಕೂಲ. ನಮೂನೆಗೆ ಸಹಿ ಬಿದ್ದ ಮೇಲೆ ಆಕಾರ ಬದಲಿಸಬೇಕೆಂದರೆ ಗಂಟೆಯ ದರದಲ್ಲಿ ಪ್ರತ್ಯೇಕ ಬಿಲ್. ಕಾರು ಹೊರಡುವಾಗ ಕೊಡುವ ಚೀಟಿಯಲ್ಲಿ, ಒದ್ದೆಯಾದ ಹುಡ್ಡನ್ನು ಒಣಗುವ ಮುನ್ನ ಮಡಿಚಬಾರದೆಂದು ಒಂದು ಸಾಲು ಸೇರಿಸಿದರೆ, ಬೂಸ್ಟು ಹಿಡಿದ ಬಟ್ಟೆಯೊಡನೆ ಮಳೆಗಾಲದ ನಂತರ ಅದೇ ಗಿರಾಕಿ ಮರಳಿ ಬಂದು ವಾದಿಸುವ ಸಂದರ್ಭ ಕಡಿಮೆಯಾಗುತ್ತದೆ.